ಹಗ್ಗದಂಗಡಿಯ ಪ್ರಭುಲಿಂಗ

ಮಾಗಡಿ ಪೇಟೆಯಲ್ಲಿ ಹಗ್ಗದಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ಪ್ರಭುಲಿಂಗನ ಅಂಗಡಿಯನ್ನು ತೋರಿಸುತ್ತಾರೆ. ಹೆಸರಿಗಷ್ಟೇ ಹಗ್ಗದಂಗಡಿ. ಬಕೆಟ್ಟು, ಮೊರ, ಜರಡಿ, ಎತ್ತಿನ ಮೂಗುದಾರ, ದನದ ಕೊರಳಿಗೆ ಕಟ್ಟುವ ಗಂಟೆ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ, ಎಲ್ಲವೂ ಅಲ್ಲಿ ಸಿಗುತ್ತವೆ. ಅವನ ತಂದೆ ಮಲ್ಲಿಕಾರ್ಜುನಯ್ಯನವರು ಗಲ್ಲಾದ ಹಿಂದೆ ಕುಳಿತಿದ್ದ ಕಾಲದಿಂದಲೂ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಈಗ ಅದೇ ಜಾಗದಲ್ಲಿ ಮಗ ಕುಳಿತಿದ್ದಾನೆ. ಅವನು ನನ್ನ ಶಿಷ್ಯ.

ಏಳನೆಯ ತರಗತಿಯಲ್ಲಿ ಅವನು ಮೊದಲ ಸಾಲಿನಲ್ಲಿ ಕೂರುತ್ತಿದ್ದನು. ನಾನು ಪ್ರಶ್ನೆಯನ್ನು ಅರ್ಧ ಕೇಳುವಷ್ಟರಲ್ಲಿ ಅವನ ಉತ್ತರ ಮುಗಿದಿರುತ್ತಿತ್ತು. ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತಿದ್ದುದರಿಂದ ಗದರಿಸುವುದಕ್ಕೂ ಆಗುತ್ತಿರಲಿಲ್ಲ. ಒಮ್ಮೆ ನಾನು ‘ಅರ್ಕಾವತಿ ನದಿಯು’ ಎನ್ನುತ್ತಿದ್ದಂತೆಯೇ ‘ನಂದಿಬೆಟ್ಟ ಸಾರ್’ ಎಂದುಬಿಟ್ಟನು. ಆ ದಿನ ನಾನು ಕೇಳಬೇಕೆಂದಿದ್ದುದು ಅದು ಎಲ್ಲಿ ಹುಟ್ಟುತ್ತದೆ ಎಂದಲ್ಲ, ಎಲ್ಲಿ ಕಾವೇರಿಯನ್ನು ಸೇರುತ್ತದೆ ಎಂದು. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕನು, ಮರುದಿನ ಮತ್ತೆ ಹಾಗೆಯೇ ಮಾಡಿದನು.

ಅಂಗಡಿಯಲ್ಲಿ ಅದೇ ಗುಣ ಅವನಿಗೆ ಅನುಕೂಲವಾಯಿತು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಕೈ ಸಾಮಾನಿನ ಕಡೆಗೆ ಹೋಗಿರುತ್ತಿತ್ತು. ಯಾರ ಮನೆಯ ಹಸು ಯಾವಾಗ ಕರು ಹಾಕುತ್ತದೆ, ಯಾರ ಮನೆಯ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲಿವೆ, ಯಾರ ಬಾವಿಯ ಹಗ್ಗ ಸವೆದಿದೆ ಎಲ್ಲವೂ ಅವನಿಗೆ ಗೊತ್ತು. ಬಾಯಿ ತೆರೆಯುವ ಶ್ರಮವಿಲ್ಲದೆ ವ್ಯಾಪಾರ ಮುಗಿಯುತ್ತಿದ್ದುದರಿಂದ ಜನರಿಗೂ ಅದು ಇಷ್ಟವಾಗಿತ್ತು.

ಹೀಗೆ ನೆಮ್ಮದಿಯಾಗಿದ್ದವನು ಕಾಣೆಯಾದವರನ್ನು ಹುಡುಕುವ ಕೆಲಸಕ್ಕೆ ಹೋದುದು ಸಾವನದುರ್ಗದಲ್ಲಿ ನಡೆದ ಒಂದು ಘಟನೆಯಿಂದ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಅವನು ಹೆಂಡತಿ ದ್ರಾಕ್ಷಾಯಿಣಿಯೊಂದಿಗೆ ಬೆಟ್ಟದ ಬುಡದ ವೀರಭದ್ರನ ಗುಡಿಗೆ ಹೋಗಿದ್ದನು. ಬಂಡೆ ಹತ್ತಲು ಬಂದಿದ್ದ ಒಬ್ಬ ಕಾಲೇಜು ತರುಣ ಜಾರಿ ಬಿದ್ದನು. ಕೂಗು ಕೇಳಿ ಓಡಿದವರಲ್ಲಿ ಪ್ರಭುಲಿಂಗನೇ ಮೊದಲಿಗ. ಒಂದು ಕ್ಷಣವೂ ತಡಮಾಡದೆ ತರುಣನ ಎರಡೂ ತೋಳುಗಳನ್ನು ಹಿಡಿದು ಎತ್ತಿದನು. ಇನ್ನಿಬ್ಬರು ಕಾಲು ಹಿಡಿದರು. ಆಟೋದಲ್ಲಿ ಮಡಿಸಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದರು. ವೈದ್ಯರು ಬೆನ್ನನ್ನು ನೋಡಿ, ಇವರನ್ನು ಎತ್ತಿದವರು ಯಾರು ಎಂದು ಕೇಳಿದರಂತೆ. ಪ್ರಭುಲಿಂಗ ಹೆಮ್ಮೆಯಿಂದ ಮುಂದೆ ಬಂದನು. ಬೆನ್ನುಮೂಳೆಗೆ ಪೆಟ್ಟಾದವರನ್ನು ಹಾಗೆ ಎತ್ತಬಾರದು, ಹಲಗೆಯ ಮೇಲೆ ಅಲುಗಾಡದಂತೆ ಮಲಗಿಸಿ ತರಬೇಕು ಎಂದು ಅವರು ಮೆಲ್ಲಗೆ ಹೇಳಿದರು. ಆ ತರುಣ ಬದುಕಿದನು, ನಡೆದಾಡಿದನು. ಆದರೆ ಎಡಗಾಲನ್ನು ಇಂದಿಗೂ ಎಳೆದೇ ಇಡುತ್ತಾನಂತೆ. ಅದು ಬಿದ್ದಾಗ ಆದದ್ದೋ ಎತ್ತಿದಾಗ ಆದದ್ದೋ ಹೇಳಬಲ್ಲವರು ಯಾರೂ ಇಲ್ಲ. ಪ್ರಭುಲಿಂಗನನ್ನು ಬಾಧಿಸಿದ್ದೂ ಅದೇ. ತಪ್ಪು ತನ್ನದೇ ಎಂದು ತಿಳಿದಿದ್ದರೆ ಅವನು ಅತ್ತು ಹಗುರಾಗುತ್ತಿದ್ದನೇನೋ.

ರಾಮನಗರದಲ್ಲಿ ನಜೀರ್ ಸಾಹೇಬರೆಂಬವರು, ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರು, ಸ್ವಯಂಸೇವಕರ ಒಂದು ತಂಡವನ್ನು ಕಟ್ಟಿಕೊಂಡು ತರಬೇತಿ ಕೊಡುತ್ತಿದ್ದರು. ಬೆಟ್ಟದಲ್ಲಿ ದಾರಿ ತಪ್ಪಿದವರು, ಕಲ್ಲುಕ್ವಾರಿಯ ನೀರಿನಲ್ಲಿ ಮುಳುಗಿದವರು, ಮನೆ ಮರೆತು ಹೊರಟುಹೋದ ಮುದುಕರು, ಯಾರೇ ಆಗಲಿ ಪೊಲೀಸರಿಂದ ಕರೆ ಬಂದರೆ ಈ ತಂಡ ಹೋಗುತ್ತಿತ್ತು. ಪ್ರಭುಲಿಂಗ ಅಲ್ಲಿಗೆ ಹೋಗಿ ನಿಂತನು. ಬಯಸಿದವರನ್ನೆಲ್ಲ ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ಎದೆ ಗಟ್ಟಿಯಾಗಿದೆಯೆಂದು ವೈದ್ಯರ ಪತ್ರ ಬೇಕು. ಭಾರ ಹೊತ್ತು ಬಂಡೆ ಹತ್ತಿ, ಮೇಲೆ ನಿಂತು ಏದುಸಿರಿಲ್ಲದೆ ಮಾತನಾಡಬೇಕು. ಮನೆಯವರು ಖುದ್ದಾಗಿ ಬಂದು ಒಪ್ಪಿಗೆ ಹೇಳಬೇಕು. ದ್ರಾಕ್ಷಾಯಿಣಿ ಬಂದು, ‘ಕರ್ಕೊಂಡ್ ಹೋಗಿ ಸಾಹೇಬ್ರೇ, ಭಾನುವಾರನಾದ್ರೂ ನಮ್ಮನೇಲಿ ಒಸಿ ಸದ್ದಿಲ್ದೆ ಇರ್ಲಿ’ ಎಂದಳಂತೆ. ಸಾಹೇಬರಿಗೆ ಆ ಮಾತು ನಗೆಯಾಗಿ ಕಂಡಿತು. ಅದರಲ್ಲಿದ್ದ ನಿಜ ತಿಳಿದದ್ದು ಆಮೇಲೆ.

ಮೊದಲನೆಯ ಹಂತದ ಪಾಠಗಳು ರಾಮನಗರದ ಬಂಡೆಗಳ ಮೇಲೆ, ಭಾನುವಾರಗಳಲ್ಲಿ ನಡೆದವು. ರಕ್ತ ನಿಲ್ಲಿಸುವುದು, ಉಸಿರು ನೋಡುವುದು, ಮುರಿದ ಮೂಳೆಗೆ ದಬ್ಬೆ ಕಟ್ಟುವುದು, ನಕ್ಷೆ ಓದುವುದು, ವಾಕಿಟಾಕಿಯಲ್ಲಿ ಚಿಕ್ಕದಾಗಿ ಮಾತನಾಡುವುದು. ಈ ಕೊನೆಯದು ಅವನಿಗೆ ಬಹಳ ಕಷ್ಟವಾಯಿತು. ಹಗ್ಗದ ಪಾಠದಲ್ಲಿ ಮಾತ್ರ ತನಗೆ ಕಲಿಯುವುದೇನೂ ಇಲ್ಲವೆಂದು ಹೋದವನಿಗೆ ಸಾಹೇಬರು ಅಂಗಡಿಯ ಗಂಟುಗಳನ್ನೆಲ್ಲ ಬಿಚ್ಚಿಸಿದರು. ದನ ಕಟ್ಟುವ ಕುಣಿಕೆ ಎಳೆದಷ್ಟೂ ಬಿಗಿಯುತ್ತದೆ. ಮನುಷ್ಯನ ಸೊಂಟಕ್ಕೆ ಹಾಕುವ ಗಂಟು ಎಷ್ಟು ಎಳೆದರೂ ಬಿಗಿಯಕೂಡದು. ಅವನು ಗಲ್ಲಾದ ಹಿಂದೆ ಕುಳಿತು ಗಿರಾಕಿಗಳ ನಡುವೆಯೇ ಅಭ್ಯಾಸ ಮಾಡಿದನು. ಕೊನೆಗೆ ತಂಡದಲ್ಲಿ ಹಗ್ಗದ ಕೆಲಸಕ್ಕೆ ಅವನೇ ಎಂದಾಯಿತು.

ಎರಡನೆಯ ಹಂತವನ್ನು ಅವರೆಲ್ಲ ಅಡ್ವಾನ್ಸ್ ಎನ್ನುತ್ತಾರೆ. ಅದಕ್ಕೆ ಕೂರಬೇಕಾದರೆ ಮೊದಲು ನಿಜವಾದ ಹುಡುಕಾಟಗಳಲ್ಲಿ ಕೆಲಸ ಮಾಡಿರಬೇಕು. ಅದರಲ್ಲಿ ತೇರ್ಗಡೆಯಾದವನು ತಂಡವನ್ನು ಮುನ್ನಡೆಸಬಹುದು. ಯಾರು ಯಾವ ದಿಕ್ಕಿಗೆ ಹೋಗಬೇಕು, ಹುಡುಕಾಟವನ್ನು ಯಾವಾಗ ನಿಲ್ಲಿಸಬೇಕು ಎಂದು ಹೇಳುವ ಅಧಿಕಾರ ಅವನದು. ಪ್ರಭುಲಿಂಗ ಬಂಡೆಯಿಂದ ಗಾಯಾಳುವನ್ನು ಇಳಿಸುವುದರಲ್ಲಿ, ಹೆಜ್ಜೆಗುರುತು ಹಿಡಿಯುವುದರಲ್ಲಿ ಸುಲಭವಾಗಿ ದಾಟಿದನು. ಕೊನೆಯ ಪರೀಕ್ಷೆ ಕಾಣೆಯಾದವರ ಮನೆಯವರೊಂದಿಗೆ ಮಾತನಾಡುವುದು. ಸಾಹೇಬರ ಹೆಂಡತಿ ಮುನವ್ವರಾ ಅವರೇ ಮಗಳು ಕಾಣೆಯಾದ ತಾಯಿಯ ಪಾತ್ರ ವಹಿಸಿ ಕುರ್ಚಿಯಲ್ಲಿ ಕುಳಿತಿದ್ದರು.

ಪ್ರಭುಲಿಂಗ ಕೇಳತೊಡಗಿದನು. ಮಗಳು ಶಾಲೆ ಬಿಟ್ಟ ಮೇಲೆ ಹೋಗಿದ್ದಾಳೆ ಅಲ್ಲವೇ, ಸಮವಸ್ತ್ರದಲ್ಲಿಯೇ ಇರುತ್ತಾಳೆ ಅಲ್ಲವೇ, ಗೆಳತಿಯ ಮನೆಯ ದಾರಿಯಲ್ಲಿ ಹೋಗಿರಬೇಕು ಅಲ್ಲವೇ. ಆಕೆ ಎಲ್ಲಕ್ಕೂ ತಲೆಯಾಡಿಸಿದರು. ಅವನು ಎದ್ದು, ಎಲ್ಲಿ ಹುಡುಕಬೇಕೆಂದು ಸಾಹೇಬರಿಗೆ ಥಟ್ಟನೆ ಹೇಳಿದನು. ಆಗ ಮುನವ್ವರಾ ನಗುತ್ತಾ ಹೇಳಿದರು:

‘ಅಣ್ಣಾ, ನೀವ್ ಕೇಳಿದ್ದಕ್ಕೆಲ್ಲ ನೀವೇ ಉತ್ರ ಕೊಟ್ಕೊಂಡ್ರಿ. ಬೆಳಿಗ್ಗೆ ನಾನು ಮಗಳಿಗೆ ಹೊಡ್ದಿದ್ದೆ. ನಿಮ್ಮನ್ನ ಕಂಡ್ರೆ ಅವ್ಳು ಬಚ್ಚಿಟ್ಕೊಳ್ತಾಳೆ. ಅದನ್ನ ಹೇಳಕ್ಕೆ ನಂಗೆ ಸಂದೇ ಸಿಗ್ಲಿಲ್ಲ.’

ಸಾಹೇಬರು ಅವನನ್ನು ತೇರ್ಗಡೆ ಮಾಡಲಿಲ್ಲ. ಹಗ್ಗದಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಆದರೆ ಪ್ರಶ್ನೆ ಕೇಳಿ ಸುಮ್ಮನಿರುವುದನ್ನು ಕಲಿತು ಬಾ ಎಂದರಂತೆ. ಆ ಸಂಜೆ ಅವನು ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದಿದ್ದನು. ಮುಖ ಊದಿಕೊಂಡಿತ್ತು. ಜಿಲ್ಲೆಯಲ್ಲಿ ಅರ್ಧ ಜನ ತನ್ನ ಗಿರಾಕಿಗಳು, ತನಗೆ ಜನರೊಡನೆ ಮಾತನಾಡಲು ಬಾರದೇ ಎಂದು ಕೇಳಿದನು. ನಾನು ಉತ್ತರಿಸುವುದರೊಳಗೆ, ಬರುತ್ತದೆ ಎಂದು ತಾನೇ ಹೇಳಿಕೊಂಡನು. ದ್ರಾಕ್ಷಾಯಿಣಿ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಎದ್ದುಹೋದಳು.

ಮುಂದಿನದು ನಡೆದದ್ದು ಮಾಘ ಕಳೆದು ಬಿಸಿಲು ಏರತೊಡಗಿದ್ದ ದಿನಗಳಲ್ಲಿ. ಸಾತನೂರಿನಿಂದಾಚೆ ಗುಡ್ಡದ ಬುಡದ ಒಂದು ಸಣ್ಣ ಹಳ್ಳಿಯಲ್ಲಿ ಬೋರಮ್ಮ ಎಂಬ ಮುದುಕಿ ಕಾಣೆಯಾಗಿದ್ದಳು. ಮೇಯಲು ಹೋದ ಹಸು ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಹುಡುಕಿಕೊಂಡು ಹೋದವಳು. ದೀಪ ಹಚ್ಚುವ ಹೊತ್ತಿಗೆ ಹಸು ತಾನಾಗಿ ಕೊಟ್ಟಿಗೆಗೆ ಬಂದಿತು, ಬೋರಮ್ಮ ಬರಲಿಲ್ಲ. ಊರಿನವರು ಅವಳ ಹೆಸರು ಹಿಡಿದು ಕೂಗುತ್ತಾ ಗುಡ್ಡದಂಚಿನಲ್ಲೆಲ್ಲ ತಿರುಗಿದ್ದರು. ಬೆಳಗಾದ ಮೇಲೆ ತಂಡಕ್ಕೆ ಕರೆ ಬಂದಿತು. ಆ ಗುಡ್ಡದಲ್ಲಿ ಆನೆಗಳು ಓಡಾಡುತ್ತವೆ. ಜೊತೆಗೆ ಬಿಸಿಲು. ಒಂದು ತೊಟ್ಟು ನೀರಿಲ್ಲದೆ ಆ ವಯಸ್ಸಿನ ಜೀವ ಇನ್ನೊಂದು ಇರುಳನ್ನು ಕಳೆಯಲಾರದೆಂದು ಎಲ್ಲರಿಗೂ ಗೊತ್ತಿತ್ತು.

ನಜೀರ್ ಸಾಹೇಬರು ಅರಣ್ಯ ಇಲಾಖೆಯ ಕಾವಲುಗಾರ ಮರಿಯಪ್ಪನೊಡನೆ ಹೆಜ್ಜೆಗುರುತು ನೋಡಲು ಹೋದರು. ಹೋಗುವ ಮೊದಲು ಪ್ರಭುಲಿಂಗನನ್ನು ಕರೆದು, ಮನೆಯವರೊಂದಿಗೆ ನೀನು ಮಾತನಾಡು ಎಂದರು. ಅವರು ಬೇಕೆಂದೇ ಕೊಟ್ಟ ಅವಕಾಶ ಅದು.

ಬೋರಮ್ಮನ ಸೊಸೆ ಲತಾಮಣಿ ಜಗಲಿಯ ಮೇಲೆ ಕುಳಿತಿದ್ದಳು. ಬೋರಮ್ಮನ ಮಗ ಊರಿನವರೊಡನೆ ಗುಡ್ಡ ಹತ್ತಿದ್ದನು. ಪ್ರಭುಲಿಂಗ ಈ ಸಲ ಎಚ್ಚರದಿಂದಿರಬೇಕೆಂದುಕೊಂಡೇ ಹೋದನು. ಆದರೆ ಆ ಮನೆಯನ್ನು ನೋಡಿದೊಡನೆ ಎಲ್ಲವೂ ಗೊತ್ತಿರುವಂತೆ ಕಂಡಿತು. ಅಂಥ ಮನೆಗಳು, ಅಂಥ ಅತ್ತೆಯರು, ಅಂಥ ಹಸುಗಳು ದಿನವೂ ಅವನ ಅಂಗಡಿಯ ಮಾತಿನಲ್ಲಿ ಬಂದುಹೋಗುತ್ತವೆ. ಅತ್ತೆಗೆ ಕಿವಿ ಮಂದವಲ್ಲವೇ, ಮಂಡಿನೋವು ಇರಬೇಕಲ್ಲವೇ, ಏರು ಹತ್ತಲಾರರು ಅಲ್ಲವೇ, ಹಸು ನೀರಿಗೆ ಇಳಿಯುವ ಕಡೆಗೇ ಹೋಗಿರುತ್ತಾರಲ್ಲವೇ. ಲತಾಮಣಿ ಹೂಂ ಎಂದಳು. ಅತ್ತು ಅತ್ತು ಸೋತಿದ್ದಳು. ಹೂಂ ಎನ್ನುವುದೇ ಸುಲಭವಾಗಿತ್ತು. ಊರಿನವರ ಓಡಾಟದಿಂದ ಗುಡ್ಡದಂಚಿನ ಹೆಜ್ಜೆಗಳೆಲ್ಲ ಅಳಿಸಿಹೋಗಿದ್ದವು. ಆದ್ದರಿಂದ ಸಾಹೇಬರು ಅವನ ಮಾತನ್ನೇ ನಂಬಿ ತಂಡವನ್ನು ಇಳಿಜಾರಿನಲ್ಲಿ ದನಗಳು ನೀರು ಕುಡಿಯುವ ಸಣ್ಣ ಕೆರೆಯ, ಅಂದರೆ ಕುಂಟೆಯ, ಕಡೆಗೆ ಕಳುಹಿಸಿದರು.

ಕೈಮೈಕು ಪ್ರಭುಲಿಂಗನ ಬಳಿ ಇತ್ತು. ‘ಬೋರಮ್ಮಾ’ ಎಂದು ಕೂಗುವುದು, ಎಲ್ಲರೂ ಉಸಿರು ಹಿಡಿದು ನಿಲ್ಲುವುದು, ಮತ್ತೆ ಮುಂದಕ್ಕೆ ಹೋಗುವುದು. ತರಬೇತಿಯಲ್ಲಿ ಹೇಳಿದಂತೆಯೇ ಎಲ್ಲವನ್ನೂ ಮಾಡಿದರು. ಗುಡ್ಡ ಅವನ ದನಿಯನ್ನೇ ತಿರುಗಿಸಿ ಕಳುಹಿಸಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕುಂಟೆಯ ಸುತ್ತ ಹುಡುಕದೆ ಉಳಿದ ಪೊದೆ ಇರಲಿಲ್ಲ. ಮರಿಯಪ್ಪ ನೀರನ್ನೇ ನೋಡುತ್ತಾ, ಇನ್ನು ತಳ ಕೆದಕಲು ಕೊಕ್ಕೆಗಳ ಪಾತಾಳಗರಡಿ ಹಾಕುವುದೇ ವಾಸಿ ಎಂದನು. ಸಾಹೇಬರು ತಲೆದೂಗಿದರು. ಅಂದರೆ ಬದುಕಿರುವವಳನ್ನು ಹುಡುಕುವುದು ಮುಗಿಯಿತು ಎಂದರ್ಥ.

ಆಗ ಪ್ರಭುಲಿಂಗನಿಗೆ ಏನಾಯಿತೆಂದು ಅವನು ನನಗೆ ಹೇಳಿದ್ದಾನೆ. ನೀರಿಗೆ ಇಳಿಸಲು ಹಗ್ಗವನ್ನು ಕೈಗೆ ತೆಗೆದುಕೊಂಡನಂತೆ. ಮುದುಕಿ ಕುಂಟೆಗೆ ಬಂದಳೆಂದು ತನಗೆ ಹೇಳಿದವರು ಯಾರು ಎಂದು ನೆನೆದುಕೊಂಡನಂತೆ. ಯಾರೂ ಹೇಳಿರಲಿಲ್ಲ. ಹೇಳಿದವನು ತಾನೇ.

ಅವನು ಸಾಹೇಬರ ಬಳಿಗೆ ಹೋಗಿ ಮೆಲ್ಲನೆ ಹೇಳಿದನು: ‘ನಾನು ಅವ್ರನ್ನ ಕೇಳ್ಲೇ ಇಲ್ಲ ಸಾಹೇಬ್ರೇ. ಇನ್ನೊಂದ್ ಸಲ ಹೋಗಿ ಬತ್ತೀನಿ.’

ಎಲ್ಲರೆದುರು ಆ ಮಾತು ಹೇಳುವುದು ಅವನಂಥವನಿಗೆ ಸುಲಭವಾಗಿರಲಿಲ್ಲ. ಸಾಹೇಬರು ಬೈಯಲಿಲ್ಲ. ಪಾತಾಳಗರಡಿ ಇಳಿಸುವುದನ್ನು ತಡೆದು, ಬೇಗ ಹೋಗು ಎಂದರು.

ಲತಾಮಣಿ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಕೆಂಪು ಬಣ್ಣದ ಹಸು. ಕೊರಳಲ್ಲಿ ಹಳೆಯ ಕಂಚಿನ ಗಂಟೆ. ಪ್ರಭುಲಿಂಗ ಹೊಸ್ತಿಲ ಮೇಲೆ ಕುಳಿತು ಒಂದೇ ಒಂದು ಮಾತು ಕೇಳಿದನು: ‘ನಿಮ್ಮತ್ತೆ ಎಂಥೋರು ತಾಯಿ?’

ಕೇಳಿ ಬಾಯಿ ಮುಚ್ಚಿದನು. ಲತಾಮಣಿ ತನ್ನ ಕೆಲಸ ಮುಂದುವರಿಸಿದಳು. ಹುಲ್ಲನ್ನು ಕೊಡವಿ ಕೊಡವಿ ಹಾಕಿದಳು, ಕಸ ಒತ್ತರಿಸಿದಳು. ಅವನ ನಾಲಿಗೆಯ ತುದಿಗೆ ಎಷ್ಟೋ ಉತ್ತರಗಳು ಬಂದುವಂತೆ: ಒಳ್ಳೆಯವರು, ಹಟದವರು, ಕೋಪಿಷ್ಠರು. ಬಂಡೆಯ ಮೇಲೆ ಭಾರ ಹೊತ್ತು ನಿಂತಾಗಲೂ ತನಗೆ ಅಷ್ಟು ಕಷ್ಟವಾಗಿರಲಿಲ್ಲ ಎಂದು ಅವನು ಹೇಳುತ್ತಾನೆ. ಹಸು ಮೇವು ಅಗಿಯುವ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಅವಳು ಹಸುವಿನ ಬೆನ್ನ ಮೇಲೆ ಕೈಯಿಟ್ಟು, ಅವನ ಕಡೆಗೆ ತಿರುಗದೆ ಹೇಳಿದಳು:

‘ನೀವ್ ಎಷ್ಟ್ ಕೂಗುದ್ರೂ ನಮ್ಮತ್ತೆ ಓ ಅನ್ನಕ್ಕಿಲ್ಲ ಕಣಣ್ಣಾ.’

ಅವನು ಆಗಲೂ ಸುಮ್ಮನಿದ್ದನು.

‘ಗುಡ್ಡದಾಗೆ ಹೆಸರು ಹಿಡ್ದು ಕೂಗುದ್ರೆ ಓ ಅನ್ಬಾರ್ದಂತೆ. ಅದು ಮನುಷ್ರಾಗಿರಕ್ಕಿಲ್ಲ, ದೆವ್ವ ಗಾಳಿ ಅಂತೆ. ಅವ್ರಣ್ಣ ಹಂಗೇ ಓ ಅಂದು, ಜ್ವರ ಬಂದು, ಹೊಂಟೋದ್ನಂತೆ. ಮಗನ ದನೀಲೇ ಕರುದ್ರೂ ಓ ಅನ್ನಲ್ಲ. ಇದ್ನ ಹೇಳುದ್ರೆ ಪ್ಯಾಟೆಯೋರು ನಗ್ತೀರಿ ಅಂತ ಸುಮ್ಕಿದ್ದೆ.’

ಪ್ರಭುಲಿಂಗ ನಗಲಿಲ್ಲ. ಮಟಮಟ ಮಧ್ಯಾಹ್ನ, ಯಾರೋ ಅಪರಿಚಿತ ಗಂಡಸಿನ ದನಿ, ಅದೂ ಕೈಮೈಕಿನಲ್ಲಿ. ತಾನು ಬೆಳಗಿನಿಂದ ಮಾಡಿದ್ದು ಆ ಮುದುಕಿಯ ಕಿವಿಗೆ ಹೇಗೆ ಕೇಳಿಸಿರಬೇಕೆಂದು ಯೋಚಿಸಿದನು. ‘ಹಂಗಾದ್ರೆ ಅವ್ರು ಯಾವುದಕ್ಕೆ ಬಾಯಿ ಬುಡ್ತಾರೆ?’ ಎಂದು ಕೇಳಿದನು.

ಲತಾಮಣಿ ಯೋಚಿಸಲೂ ಇಲ್ಲ. ‘ಹಸಕ್ಕೆ’ ಎಂದಳು.

ಆಮೇಲೆ ಮಾತು ತಾನಾಗಿ ಬಂದಿತು. ಹಸುವಿನ ಹೆಸರು ಕೆಂದಿ. ಅದು ಬೇಸಗೆಯಲ್ಲಿ ಕುಂಟೆಯ ಕಡೆಗೆ ಹೋಗುವುದಿಲ್ಲ. ಗುಡ್ಡದ ಮೇಲಿನ ಬಂಡೆಗಳ ಸಂದಿಯಲ್ಲಿ ಹಸಿ ಹುಲ್ಲು ಉಳಿದಿರುತ್ತದೆ, ಅಲ್ಲಿಗೆ ಹೋಗುತ್ತದೆ. ಅತ್ತೆಗೆ ಮಂಡಿನೋವೂ ಇಲ್ಲ, ಕಿವುಡೂ ಇಲ್ಲ. ಹಸುವಿನ ಹಿಂದೆ ಹೊರಟರೆ ಮಗನಿಗಿಂತ ಬೇಗ ಏರು ಹತ್ತುವ ಹೆಂಗಸು. ಹಸುವನ್ನು ಕರೆಯುವ ರಾಗವನ್ನೂ ಲತಾಮಣಿ ಹೇಳಿಕೊಟ್ಟಳು, ಕೊರಳಿನ ಗಂಟೆಯನ್ನು ತಾನೇ ಬಿಚ್ಚಿ ಅವನ ಕೈಗೆ ಕೊಟ್ಟಳು.

ತಂಡ ಏರಿನ ದಾರಿ ಹಿಡಿಯಿತು. ಮೇಲಿನ ಬಂಡೆಗಳ ಬಳಿ ಪ್ರಭುಲಿಂಗ ಕೈಮೈಕನ್ನು ಚೀಲದೊಳಗಿಟ್ಟು, ಗಂಟೆ ಅಲ್ಲಾಡಿಸುತ್ತಾ ‘ಕೆಂದೀ, ಬಾ ಬಾ ಬಾ, ಕೆಂದೀ’ ಎಂದು ಕರೆದನು. ಅವನ ರಾಗ ಕೇಳಿ ಮರಿಯಪ್ಪ ಮುಖ ತಿರುಗಿಸಿಕೊಂಡನಂತೆ. ಮೂರು ನಾಲ್ಕು ಬಂಡೆ ದಾಟಿದ ಮೇಲೆ ಕೆಳಗೆಲ್ಲಿಂದಲೋ, ಒಣಗಿದ ಗಂಟಲಿನಿಂದ ಒಂದು ದನಿ ಬಂದಿತು:

‘ಯಾವೋನ್ಲಾ ಅವ್ನು, ನಮ್ಮ ಹಸವ ಹೊಡ್ಕೊಂಡು ಹೋಗಾನು?’

ಎರಡು ಬಂಡೆಗಳ ನಡುವಿನ ಆಳವಾದ ಸಂದಿಯಲ್ಲಿ ಬೋರಮ್ಮ ಬಿದ್ದಿದ್ದಳು. ಬಲಗಾಲು ಮುರಿದಿತ್ತು, ತುಟಿ ಒಡೆದಿತ್ತು. ಬಿದ್ದ ಸಂಜೆ ಅವಳೇ ಕೂಗಿದ್ದಳಂತೆ, ಆಗ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಕತ್ತಲಾದ ಮೇಲೆ ಅವಳ ಹೆಸರು ಕೇಳಿಸತೊಡಗಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಳು. ಮಗನ ದನಿಯೂ ಕೇಳಿಸಿತ್ತು. ಅದಕ್ಕೂ ಓಗೊಡಲಿಲ್ಲ.

ಪ್ರಭುಲಿಂಗ ಹಗ್ಗ ಕಟ್ಟಿ ಸಂದಿಗೆ ಇಳಿದನು. ಮುದುಕಿ ಎರಡೂ ತೋಳುಗಳನ್ನು ಅವನ ಕಡೆಗೆ ಚಾಚಿದಳು. ಹಿಡಿದು ಎತ್ತಿಬಿಡುವುದು ಎಷ್ಟು ಸುಲಭವಾಗಿತ್ತು! ಅವನು ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, ತುಟಿಗೆ ನೀರು ಸೋಕಿಸಿ, ಎಲ್ಲಿ ನೋಯುತ್ತದೆ ಅಜ್ಜಿ ಎಂದು ಕೇಳಿ, ಅವಳು ಹೇಳುವ ತನಕ ಕಾದನು. ಕತ್ತಿನಿಂದ ಪಾದದವರೆಗೆ ನೋಡಿದನು. ಕಾಲಿಗೆ ದಬ್ಬೆ ಕಟ್ಟಿದನು. ಸ್ಟ್ರೆಚರಿಗೆ ಬಿಗಿದು, ಅಂಗುಲ ಅಂಗುಲವಾಗಿ ಮೇಲಕ್ಕೆ ತೆಗೆದರು. ಅಷ್ಟು ಹೊತ್ತೂ ಅವಳು ಬೈಯುತ್ತಲೇ ಇದ್ದಳಂತೆ. ಹಸು ಮನೆಯಲ್ಲಿದೆ ಎಂದರೆ ನಂಬಲಿಲ್ಲ. ಮನೆಯಲ್ಲಿದ್ದರೆ ಅದರ ಗಂಟೆ ನಿನ್ನ ಕೈಗೆ ಹೇಗೆ ಬಂತು ಎಂದು ಕೇಳಿದಳು.

ಸಾಹೇಬರು ಆ ವಾರವೇ ಅವನನ್ನು ತೇರ್ಗಡೆ ಮಾಡಬೇಕೆಂದಿದ್ದರು. ಅವನೇ ಬೇಡವೆಂದನು. ಬೋರಮ್ಮ ಬದುಕಿದ್ದು ಸರಿ, ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಸಂದಿಯಲ್ಲಿ ಅವಳು ಒಣಗಿದ್ದು ನನ್ನಿಂದ, ಅವಳು ಒಸಿ ಬಡಕಲು ಜೀವವಾಗಿದ್ದರೆ ಏನಾಗುತ್ತಿತ್ತು ಎಂದನಂತೆ. ಮಳೆಗಾಲ ಮುಗಿದ ಮೇಲೆ ಎಲ್ಲರೊಡನೆ ಪರೀಕ್ಷೆಗೆ ಕುಳಿತನು. ಮುನವ್ವರಾ ಈ ಸಲ ಮಾತೇ ಆಡದ ತಾಯಿಯಾಗಿ ಕುಳಿತಿದ್ದರು. ಅವನೂ ಎದುರಿಗೆ ಸುಮ್ಮನೆ ಕುಳಿತನು. ಬಹಳ ಹೊತ್ತಿನ ಮೇಲೆ ಆಕೆಯೇ ಸೋತು, ಟೀ ತರಲೇ ಎಂದು ಕೇಳಿದರಂತೆ.

ಈಗ ಅವನು ತಂಡವನ್ನು ಮುನ್ನಡೆಸುತ್ತಾನೆ. ಹೊಸಬರಿಗೆ ಗಂಟುಗಳನ್ನು ಕಲಿಸುವ ಮೊದಲು ಜೋಡಿಜೋಡಿಯಾಗಿ ಕೂರಿಸಿ, ಒಬ್ಬರು ಹೇಳುವುದನ್ನು ಇನ್ನೊಬ್ಬರು ಬಾಯಿ ಹಾಕದೆ ಕೇಳುವ ಅಭ್ಯಾಸ ಮಾಡಿಸುತ್ತಾನೆ. ಸಾತನೂರಿನ ಕಡೆಯ ಬಸ್ಸಿನಲ್ಲಿ ಬರುವ ಯಾರ ಕೈಯಲ್ಲಾದರೂ ಬೋರಮ್ಮ ಅವನಿಗೆ ಅವರೆಕಾಯಿ ಕಳುಹಿಸುತ್ತಾಳೆ. ಹಸು ಕರೆಯುವುದನ್ನು ಸರಿಯಾಗಿ ಕಲಿತನೇ ಎಂದು ಕೇಳುವಂತೆಯೂ ಹೇಳಿಕಳುಹಿಸುತ್ತಾಳೆ.

ಅಂಗಡಿಯ ಗಿರಾಕಿಗಳಿಗೆ ಮಾತ್ರ ಸ್ವಲ್ಪ ಬೇಸರ. ಮೊದಲಿನಂತೆ ಸಾಮಾನು ತಾನಾಗಿ ಕೈಗೆ ಬರುವುದಿಲ್ಲ. ಮೊನ್ನೆ ನಾನು ಮೆಟ್ಟಿಲು ಹತ್ತಿದಾಗ ಅವನು ಎದ್ದು ನಿಂತು, ‘ಏನ್ ಬೇಕು ಮೇಷ್ಟ್ರೇ?’ ಎಂದು ಕೇಳಿದನು. ಕೇಳಿ, ಎರಡೂ ಕೈಗಳನ್ನು ಗಲ್ಲಾದ ಮೇಲಿಟ್ಟು, ನನ್ನ ಮುಖವನ್ನೇ ನೋಡುತ್ತಾ ಕಾದನು. ಇಷ್ಟು ವರ್ಷ ಅವನೇ ಹೇಳಿಬಿಡುತ್ತಿದ್ದುದರಿಂದ ಮನೆಯಲ್ಲಿ ಯೋಚಿಸಿಕೊಂಡು ಹೊರಡುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು. ನಾನು ನೆನಪು ಮಾಡಿಕೊಳ್ಳುತ್ತಾ ನಿಂತೆನು. ಅವನು ಅವಸರಪಡಿಸಲಿಲ್ಲ.